ಸಹಾಯ ಬೇಕು: ರೈಫಲ್ ಅಭ್ಯಾಸಕ್ಕೆ ಕಿವಿಗೆ ಏನು ಹಾಕಿಸಲಿ?

ನಮಸ್ಕಾರ, ನಾನು ತುಮಕೂರಿನವಳು. ಮಗಳು .22 ರೈಫಲ್ ಶೂಟಿಂಗ್ ಕಲಿಯುತ್ತಿದ್ದಾಳೆ. ಅದರ ಸದ್ದು ಸುಮಾರು 140 ಡೆಸಿಬೆಲ್ ಇರುತ್ತದೆ. ಕಿವಿಗೆ ಹತ್ತಿ ಇಟ್ಟರೆ ಸಾಕು ಅನ್ನುತ್ತಾರೆ ಕೆಲವರು, ಸುಮ್ನೆ ಮಾತು ಅದು.

ಫೋಮ್ ಪ್ಲಗ್ ತಂದೆ. ಸಣ್ಣಗೆ ಹೊಸೆದು, ಕಿವಿಯನ್ನು ಮೇಲಕ್ಕೆಳೆದು ಹಾಕಿದರೂ ಜಾರಿ ಬರುತ್ತದೆ. ಅವಳ ಕಿವಿ ತೂತು ಚಿಕ್ಕದು. ಇಡೀ ಕಿವಿ ಮುಚ್ಚುವ ದಪ್ಪ ಇಯರ್‌ಮಫ್ ಹಾಕಿದರೆ, ಕೆನ್ನೆ ಒತ್ತಿ ಗುರಿ ಹಿಡಿಯುವಾಗ ರೈಫಲ್‌ಗೆ ತಗಲಿ ಎದ್ದುಬಿಡುತ್ತದೆ. ಕನ್ನಡಕದ ಕಡ್ಡಿಯಿಂದ ಸಂದು ಬೇರೆ. ಅಂಗಡಿಯವರು ಎಲೆಕ್ಟ್ರಾನಿಕ್ ಮಫ್ ತೋರಿಸಿದರು. ಕೋಚ್ ಮಾತು ಕೇಳಿಸುತ್ತದೆ, ನಿಜ. ಆದರೆ ಐಎಸ್‌ಎಸ್‌ಎಫ್ (ಅಂತಾರಾಷ್ಟ್ರೀಯ ಶೂಟಿಂಗ್ ಒಕ್ಕೂಟ) ನಿಯಮದ ಸ್ಪರ್ಧೆಗಳಲ್ಲಿ ಶೂಟರ್‌ಗಳಿಗೆ ಅದನ್ನು ಬಿಡುವುದಿಲ್ಲ. ಅಷ್ಟು ದುಡ್ಡು ದಂಡ ಅಲ್ವಾ?

ರೈಫಲ್ ಹೊಡೆದು ಅನುಭವ ಇರುವವರು ಹೇಳಿ: ತೆಳು ಕಪ್‌ನ ಸಾದಾ ಮಫ್ ಕೊಡಿಸಲಾ, ಕಿವಿಯ ಅಚ್ಚು ತೆಗೆದು ಪ್ಲಗ್ ಮಾಡಿಸಲಾ?