ಕ್ಯಾಸೆಟ್‌ನ ನಾಲ್ಕು ಟ್ರ್ಯಾಕ್ ಕಂಪ್ಯೂಟರ್‌ನಲ್ಲಿ ಕೂಡುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ನಮಸ್ಕಾರ ಸರ್. ಟಾಸ್ಕಾಮ್‌ನ ಹಳೇ 4 ಟ್ರ್ಯಾಕ್ ಪೋರ್ಟಾಸ್ಟುಡಿಯೋ (ಕ್ಯಾಸೆಟ್‌ನಲ್ಲಿ ನಾಲ್ಕು ಟ್ರ್ಯಾಕ್ ಬೇರೆ ಬೇರೆಯಾಗಿ ರೆಕಾರ್ಡ್ ಮಾಡುವ ಮಷೀನ್) ಸಿಕ್ಕಿದೆ. ಡ್ರಮ್ಸ್, ಬೇಸ್, ಎರಡು ಗಿಟಾರ್ ಅದರಲ್ಲೇ ರೆಕಾರ್ಡ್ ಮಾಡಿದೆವು. ಹಾಡುವುದನ್ನು ಕಂಪ್ಯೂಟರ್‌ನಲ್ಲಿ ಸೇರಿಸುವ ಆಸೆ. ಕಂಪ್ಯೂಟರ್‌ಗೆ ಶಬ್ದ ಕಳಿಸುವ ನನ್ನ ಆಡಿಯೋ ಇಂಟರ್‌ಫೇಸ್‌ಗೆ ಇನ್‌ಪುಟ್ ಎರಡೇ. ಮೊದಲು 1-2 ಇಳಿಸಿ, ಟೇಪ್ ಹಿಂದಕ್ಕೆ ಸುತ್ತಿ 3-4 ಇಳಿಸಿದೆ. ಶುರುವಿನಲ್ಲಿ ಸರಿಯಾಗಿ ಕೂಡಿಸಿಟ್ಟರೂ ಹಾಡು ಮುಗಿಯುವಾಗ ಡ್ರಮ್ಸ್ ಒಂದು ಕಡೆ, ಗಿಟಾರ್ ಒಂದು ಕಡೆ. ಮಷೀನ್ ಕೆಟ್ಟಿದೆಯಾ?

ಉತ್ತರ: ಕೆಟ್ಟಿರಲಿಕ್ಕಿಲ್ಲ. ಮೋಟರ್, ಬೆಲ್ಟ್, ರಬ್ಬರ್ ರೋಲರ್ ಸೇರಿ ಎಳೆಯುವ ಟೇಪ್ ಎರಡು ಸಲ ಒಂದೇ ವೇಗದಲ್ಲಿ ಓಡುವುದಿಲ್ಲ. ವ್ಯತ್ಯಾಸ ಬರೀ 0.1% ಅಂದುಕೊಳ್ಳಿ. 4 ನಿಮಿಷದ ಹಾಡಿನ ಕೊನೆಗೆ ಅದು 240 ಮಿಲಿಸೆಕೆಂಡ್. 120 ಟೆಂಪೋದಲ್ಲಿ (ನಿಮಿಷಕ್ಕೆ 120 ಬೀಟ್) ಒಂದು ಬೀಟ್ 500 ಮಿಲಿಸೆಕೆಂಡ್, ಅಂದರೆ ಹತ್ತಿರ ಹತ್ತಿರ ಅರ್ಧ ಬೀಟ್ ತಪ್ಪಿತು.

ನಾಲ್ಕು ಇನ್‌ಪುಟ್ ಇರುವ ಇಂಟರ್‌ಫೇಸನ್ನು ಒಂದು ದಿನದ ಮಟ್ಟಿಗೆ ಯಾರಿಂದಲಾದರೂ ತನ್ನಿ. ಮಷೀನ್‌ನಲ್ಲಿ ಟ್ರ್ಯಾಕ್‌ಗೊಂದರಂತೆ ಟೇಪ್ ಔಟ್ (ಶಬ್ದ ಹೊರಬರುವ ಸಾಕೆಟ್) ಇದ್ದರೆ ನಾಲ್ಕನ್ನೂ ಒಟ್ಟಿಗೆ ಇಳಿಸಿ. ಆಗಲೂ ವೇಗ ಏರಿಳಿಯುತ್ತದೆ, ಆದರೆ ನಾಲ್ಕಕ್ಕೂ ಒಂದೇ ರೀತಿ, ಹಾಗಾಗಿ ಕಿವಿಗೆ ಗೊತ್ತಾಗುವುದಿಲ್ಲ. ಆಮೇಲೆ ಟೇಪ್ ಮುಟ್ಟಬೇಡಿ. ಕಂಪ್ಯೂಟರ್‌ಗೆ ಬಂದ ಪ್ರತಿಯನ್ನೇ ಕೇಳುತ್ತಾ ಹಾಡಿ. ಸಾಫ್ಟ್‌ವೇರ್‌ನ ಗ್ರಿಡ್ (ಬೀಟ್ ತೋರಿಸುವ ಗೆರೆಗಳು) ಬೇಕಿದ್ದರೆ ಡ್ರಮ್ಸ್ ನೋಡಿಕೊಂಡು ಟೆಂಪೋ ಮ್ಯಾಪ್ ಮಾಡಿ, ಅಂದರೆ ಆ ಗೆರೆಗಳನ್ನೇ ಡ್ರಮ್ಸ್‌ಗೆ ಹೊಂದಿಸಿ. ಡ್ರಮ್ಸನ್ನು ಗ್ರಿಡ್‌ಗೆ ಎಳೆದರೆ ಟೇಪ್‌ಗೆ ಹಾಕಿದ್ದೇ ದಂಡ.

ಇಳಿಸುವ ಮೊದಲು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಹೆಡ್ (ಟೇಪ್ ಓದುವ ಭಾಗ) ಒರೆಸಿ. ಟೇಪ್‌ಗೆ ಹಾಕುವಾಗ ಡಿಬಿಎಕ್ಸ್ (ಟೇಪ್‌ನ ಹಿಸ್ ಶಬ್ದ ತಗ್ಗಿಸುವ ವ್ಯವಸ್ಥೆ) ಆನ್ ಇತ್ತಾ? ಹಾಗಿದ್ದರೆ ಕೇಳಿಸುವಾಗಲೂ ಆನ್ ಇರಲೇಬೇಕು.

ಪ್ರಶ್ನೆ: ಟೇಪ್‌ಗೆ ಟೈಮ್‌ಕೋಡ್ (ಸಮಯ ಗುರುತಿಸುವ ಸಿಗ್ನಲ್) ಹಾಕಿ ಟೇಪ್, ಕಂಪ್ಯೂಟರ್ ಎರಡನ್ನೂ ಜೋಡಿಸಿ ಓಡಿಸಬಹುದಲ್ವಾ ಸರ್?

ಉತ್ತರ: ಆಗುತ್ತದೆ, ಆದರೆ ನಿಮ್ಮ ನಾಲ್ಕರಲ್ಲಿ ಒಂದು ಟ್ರ್ಯಾಕ್ ಅದಕ್ಕೇ ಹೋಗುತ್ತದೆ. ಸಾಮಾನ್ಯವಾಗಿ 4ನೆಯದು. ಆ ಟ್ರ್ಯಾಕ್‌ಗೆ ಡಿಬಿಎಕ್ಸ್ ಇರಬಾರದು. ಅದರ ಕಿರಿಕಿರಿ ಶಬ್ದ ಪಕ್ಕದ 3ನೇ ಟ್ರ್ಯಾಕ್‌ಗೂ ಸೋರುತ್ತದೆ. ಇಷ್ಟೆಲ್ಲಾ ಮಾಡಿದರೂ ಎಷ್ಟೋ ಸಾಫ್ಟ್‌ವೇರ್‌ಗಳು ಆಡಿಯೋವನ್ನು ಟೈಮ್‌ಕೋಡ್ ನೋಡಿ ಶುರು ಮಾಡುತ್ತವೆ ಅಷ್ಟೇ, ನಂತರ ತಮ್ಮದೇ ಗಡಿಯಾರದಲ್ಲಿ ಓಡುತ್ತವೆ. ಮಿಡಿ ಸಿಂಥ್ (ಕಂಪ್ಯೂಟರ್ ಆದೇಶದಂತೆ ನುಡಿಯುವ ಎಲೆಕ್ಟ್ರಾನಿಕ್ ವಾದ್ಯ) ಓಡಿಸಲು ಸರಿ. ನಿಮ್ಮ ಕೆಲಸಕ್ಕೆ ಬೇಡ.

ಇನ್ನೊಬ್ಬರ ಪ್ರಶ್ನೆ: ಇಷ್ಟು ಒದ್ದಾಡುವ ಬದಲು ಟೇಪ್ ಪ್ಲಗಿನ್ (ಟೇಪ್‌ನ ಧ್ವನಿ ಅನುಕರಿಸುವ ಸಾಫ್ಟ್‌ವೇರ್) ಹಾಕಿದರೆ ಸಾಲದಾ?

ಉತ್ತರ: ಬರೀ ಟೇಪ್ ಧ್ವನಿಯ ಬಣ್ಣ ಬೇಕಿದ್ದರೆ ಧಾರಾಳವಾಗಿ ಸಾಕು. ನಿಜವಾದ ಟೇಪೇ ಬೇಕು, ಆದರೆ ತಲೆನೋವು ಬೇಡ ಎನ್ನುವವರು ಎಲ್ಲವನ್ನೂ ಕಂಪ್ಯೂಟರ್‌ನಲ್ಲೇ ಮಿಕ್ಸ್ ಮಾಡಿ, ಕೊನೆಯ ಸ್ಟೀರಿಯೋ ಮಿಕ್ಸನ್ನು ಟೇಪ್‌ಗೆ ಹಾಕಿ ವಾಪಸ್ ತರಲಿ. ಜೊತೆಗೆ ಕೂಡಿಸಬೇಕಾದದ್ದು ಬೇರೇನೂ ಇರುವುದಿಲ್ಲವಲ್ಲ. ಲೆವೆಲ್ ಎರಡು ಮೂರು ಥರ ಇಟ್ಟು ನೋಡಿ. ಜಾಸ್ತಿ ತಳ್ಳಿದರೆ ಸಿಂಬಲ್‌ನ ಹೊಳಪು ಮೊದಲು ಸಾಯುತ್ತದೆ.

ಮತ್ತೊಬ್ಬರ ಪ್ರಶ್ನೆ: ನನ್ನ ಹತ್ತಿರ 4 ಟ್ರ್ಯಾಕ್ ಕ್ಯಾಸೆಟ್ ಇದೆ, ಮಷೀನ್ ಮಾರಿಬಿಟ್ಟೆ. ಮಾಮೂಲಿ ಡೆಕ್‌ನಲ್ಲಿ ಆಗುತ್ತದಾ?

ಉತ್ತರ: ಸಾಹಸ, ಆದರೆ ಆಗುತ್ತದೆ. ಒಂದು ಮಗ್ಗುಲು ಹಾಕಿದರೆ ಎರಡು ಟ್ರ್ಯಾಕ್ ಬರುತ್ತವೆ. ತಿರುಗಿಸಿ ಹಾಕಿದರೆ ಉಳಿದೆರಡು, ಹಿಂದು ಮುಂದಾಗಿ. ಕಂಪ್ಯೂಟರ್‌ನಲ್ಲಿ ಅವನ್ನು ರಿವರ್ಸ್ ಮಾಡಿ. ಸೆಕೆಂಡಿಗೆ 9.5 ಸೆಂಟಿಮೀಟರ್ ವೇಗದಲ್ಲಿ ರೆಕಾರ್ಡ್ ಆಗಿದ್ದರೆ ಮಾಮೂಲಿ ಡೆಕ್‌ನಲ್ಲಿ ಅರ್ಧ ವೇಗಕ್ಕೆ ಕೇಳುತ್ತದೆ, ಆದ್ದರಿಂದ 96 ಕಿಲೋಹರ್ಟ್ಸ್‌ನಲ್ಲಿ ಇಳಿಸಿ ವೇಗ ದುಪ್ಪಟ್ಟು ಮಾಡಿ. ಎರಡು ಸಲ ಓಡಿಸಿದ್ದರಿಂದ ಮೇಲೆ ಹೇಳಿದ ಗೋಳು ಇದ್ದೇ ಇದೆ. ಡ್ರಮ್ಸ್ ಇರುವ ಜೋಡಿಯನ್ನು ಹಾಗೇ ಬಿಟ್ಟು, ಇನ್ನೊಂದು ಜೋಡಿಯನ್ನು ಸದ್ದಿಲ್ಲದ ಜಾಗದಲ್ಲಿ ಕತ್ತರಿಸಿ ಸ್ವಲ್ಪ ಸ್ವಲ್ಪ ಸರಿಸುತ್ತಾ ಬನ್ನಿ. ಡಿಬಿಎಕ್ಸ್ ಹಾಕಿದ್ದರೆ ಮಾತ್ರ ಡಿಕೋಡರ್ ಇಲ್ಲದೆ ಸರಿಹೋಗದು. ಆ ಮಷೀನ್ ಕೊಂಡವರ ಫೋನ್ ನಂಬರ್ ಇದೆಯಾ ನೋಡಿ!