ಸಹಾಯ ಬೇಕು: ಸೊಪ್ಪು, ತರಕಾರಿ ಸಿಗದ ಬಡಾವಣೆಗೆ ಸಂಜೆ ಗಾಡಿ

ಎಲ್ಲರಿಗೂ ನಮಸ್ಕಾರ. ಕೂಲಿ ಮಾಡುವ ಕುಟುಂಬಗಳೇ ಹೆಚ್ಚಿರುವ ಬಡಾವಣೆಯೊಂದಕ್ಕೆ ತರಕಾರಿ ಗಾಡಿ ಶುರು ಮಾಡಲು ನಾವು ಕೆಲವರು ಹೊರಟಿದ್ದೇವೆ. ಅಲ್ಲಿ ಚಿಪ್ಸ್, ಬಿಸ್ಕತ್ತು, ತಂಪು ಪಾನೀಯ ಬೇಕಾದಷ್ಟು ಸಿಗುತ್ತವೆ. ಸೊಪ್ಪು, ಹಣ್ಣು ಬೇಕೆಂದರೆ ಬಸ್ ಹತ್ತಬೇಕು. "ಅವರಿಗೆ ತಿಳಿವಳಿಕೆ ಇಲ್ಲ" ಎನ್ನುವ ಮಾತನ್ನು ನಾನಂತೂ ಒಪ್ಪುವುದಿಲ್ಲ. ದಿನವಿಡೀ ದುಡಿದು ಬಂದವರು ಚೀಲ ಹಿಡಿದು ಮತ್ತೆ ಅಷ್ಟು ದೂರ ಹೋಗುವುದಾದರೂ ಹೇಗೆ?

ದೊಡ್ಡವರು ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು, ತರಕಾರಿ ತಿನ್ನಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಐದು ಜನರಿದ್ದರೆ ಅದೇ 2 ಕೆ.ಜಿ. ಆಯಿತು. ಫ್ರಿಜ್ ಇಲ್ಲದ ಮನೆಯಲ್ಲಿ ವಾರದ್ದೆಲ್ಲ ಒಟ್ಟಿಗೆ ತಂದಿಡಲಾಗದು. ಹಾಗಾಗಿ ಗಾಡಿ ವಾರಕ್ಕೆ ಎರಡು ಮೂರು ಸಲವಾದರೂ ಹೋಗಲೇಬೇಕು.

ನಮ್ಮ ದೊಡ್ಡ ಚಿಂತೆ ಸೊಪ್ಪಿನದು. ಬೆಳಿಗ್ಗೆ ಕಿತ್ತದ್ದು ಬಿಸಿಲಿಗೆ ಮಧ್ಯಾಹ್ನಕ್ಕೇ ಬಾಡುತ್ತದೆ, ಜನ ಮನೆ ಸೇರುವುದು ಕತ್ತಲಾದ ಮೇಲೆ. ಒದ್ದೆ ಗೋಣಿ ಹೊದಿಸಿ ನೀರು ಚಿಮುಕಿಸೋಣವೆಂದರೆ, ನೀರು ಸ್ವಲ್ಪ ಹೆಚ್ಚಾದರೂ ಒಳಗಿನ ಕಟ್ಟುಗಳು ಕೊಳೆಯುತ್ತವೆ. ಇಂಥ ಗಾಡಿ ನಡೆಸಿದವರು ಇದನ್ನು ಹೇಗೆ ನಿಭಾಯಿಸಿದಿರಿ? ಉಳಿದ ಮಾಲನ್ನು ಏನು ಮಾಡಿದಿರಿ?

ಇನ್ನೊಂದು ವಿಷಯ. ನಾವು ಅಸಲಿಗೇ ಮಾರಿದರೆ ಅಲ್ಲಿನ ಚಿಕ್ಕ ಅಂಗಡಿಯವರ ಹೊಟ್ಟೆ ಮೇಲೆ ಹೊಡೆದಂತಾಗುತ್ತದೆ. ಅವರ ಕೈಯಲ್ಲೇ ತರಕಾರಿ ಮಾರಿಸುವುದು ಒಳ್ಳೆಯದೆಂದು ನನಗೆ ಅನಿಸುತ್ತದೆ. ಮೊದಮೊದಲ ನಷ್ಟವನ್ನು ನಾವು ಹೊತ್ತರೆ ಅವರು ಒಪ್ಪಿಯಾರೇ? ಹೀಗೆ ಮಾಡಿ ನೋಡಿದವರು, ರೈತರಿಂದ ನೇರವಾಗಿ ಖರೀದಿಸಿ ಗೊತ್ತಿರುವವರು ದಯವಿಟ್ಟು ಇಲ್ಲೇ ಬರೆಯಿರಿ.