ಆ ಲೆಕ್ಕ ಸರಿಯಾಗಿಯೇ ಇದೆ, ಪುಟ್ಟಾ

ಪುಟ್ಟಾ, ನಿನ್ನ ಮೆಸೇಜು ಬೆಳಿಗ್ಗೆಯೇ ನೋಡಿದೆ. ಡ್ಯೂಟಿಯಲ್ಲಿದ್ದೆ, ಉತ್ತರ ಕೊಡಲು ಆಗಲಿಲ್ಲ. ಈಗ ಮನೆಗೆ ಬಂದು ಟೀ ಮಾಡಿಕೊಂಡು ಕೂತಿದ್ದೇನೆ. ಟೈಪ್ ಮಾಡುತ್ತಾ ಹೋದರೆ ರಾತ್ರಿಯಾಗುತ್ತದೆ, ಅದಕ್ಕೇ ಮಾತಾಡಿಯೇ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ. ಅಣ್ಣಾ, ನೀನೂ ಕೇಳು. ನಿನ್ನ ಮಾತಿಗೂ ಇದರಲ್ಲೇ ಉತ್ತರ ಇದೆ.

ಪುಟ್ಟ ಕೇಳಿದ್ದು ಇಷ್ಟು. ಅವನು ಈಗ ಪ್ರೀಮಿಯರ್ ಲೀಗ್‌ನಲ್ಲಿ ಸಂಡರ್‌ಲ್ಯಾಂಡ್ ಆಟ ನೋಡುತ್ತಾನಲ್ಲ, ಆ ತಂಡದ ಹಳೆಯ ಕಥೆ ಹುಡುಕಿದನಂತೆ. 2019ರಲ್ಲಿ ಇಂಗ್ಲೆಂಡಿನ ಮೂರನೇ, ನಾಲ್ಕನೇ ಡಿವಿಷನ್ ತಂಡಗಳ ಕಪ್ ಫೈನಲ್‌ಗೆ 85,021 ಜನ ಬಂದಿದ್ದರು ಅಂತ ಇತ್ತಂತೆ. 'ಅತ್ತೆ, ಇದು ಪ್ರಿಂಟ್ ಮಿಸ್ಟೇಕ್ ಅಲ್ವಾ? ನಿಮ್ಮ ಪೋರ್ಟ್ಸ್‌ಮತ್ ಹೆಸರೂ ಇದೆ' ಅಂತ ಕೇಳಿದ. ಅದರ ಕೆಳಗೆ ಅಣ್ಣ ಬರೆದಿದ್ದು, 'ದೊಡ್ಡ ಕಪ್ ಗೆಲ್ಲಲಾಗದವರಿಗೆ ಸಮಾಧಾನಕ್ಕೆ ಕೊಡುವ ಕಪ್ ಇರಬೇಕು, ಅದಕ್ಕೆ ಅಷ್ಟು ಜನ ಯಾಕೆ ಹೋಗ್ತಾರೆ?'

ಪ್ರಿಂಟ್ ಮಿಸ್ಟೇಕ್ ಅಲ್ಲ ಪುಟ್ಟಾ. ನಾನೇ ಅಲ್ಲಿದ್ದೆ.

ಈ ಕಪ್ಪಿನ ಹೆಸರು ಇಎಫ್‌ಎಲ್ ಟ್ರೋಫಿ, ಇಎಫ್‌ಎಲ್ ಅಂದರೆ ಇಂಗ್ಲಿಷ್ ಫುಟ್‌ಬಾಲ್ ಲೀಗ್. ಸ್ಪಾನ್ಸರ್ ಬದಲಾದ ಹಾಗೆಲ್ಲ ಹೆಸರೂ ಬದಲಾಗುತ್ತದೆ, ಆ ವರ್ಷ ಚೆಕ್‌ಅಟ್ರೇಡ್ ಟ್ರೋಫಿ ಅಂತ ಇತ್ತು. 1983ರಲ್ಲಿ ಶುರುವಾಗಿದ್ದು. ಲೀಗ್ ಒನ್ ಮತ್ತು ಲೀಗ್ ಟೂ, ಅಂದರೆ ಮೂರನೇ ಮತ್ತು ನಾಲ್ಕನೇ ಹಂತದ 48 ತಂಡಗಳಿಗೆ ಇರುವ ಕಪ್. ಇವರಿಗೆ ವೆಂಬ್ಲಿಯಲ್ಲಿ, ಅಂದರೆ ದೊಡ್ಡ ಫೈನಲ್‌ಗಳು ನಡೆಯುವ ಲಂಡನ್ನಿನ ಸ್ಟೇಡಿಯಂನಲ್ಲಿ, ಕಪ್ ಎತ್ತುವ ಅವಕಾಶ ಬೇರೆ ಎಲ್ಲಿ ಸಿಗುತ್ತದೆ ಹೇಳು? ಎಲ್ಲ ಹಂತದ ತಂಡಗಳೂ ಆಡುವ ಎಫ್‌ಎ ಕಪ್‌ನಲ್ಲಿ ದೊಡ್ಡವರು ಬಂದ ಕೂಡಲೇ ಇವರು ಮನೆಗೆ.

ಆದರೆ 2016ರಿಂದ ಇದರಲ್ಲಿ ಒಂದು ತಕರಾರು ಸೇರಿಕೊಂಡಿತು. ದೊಡ್ಡ ಕ್ಲಬ್‌ಗಳ 21 ವರ್ಷದೊಳಗಿನ ಹುಡುಗರ 16 ತಂಡಗಳನ್ನೂ ಇದಕ್ಕೆ ಸೇರಿಸಿದರು. ಇಲ್ಲಿನ ಜನಕ್ಕೆ ಅದು ಸ್ವಲ್ಪವೂ ಹಿಡಿಸಲಿಲ್ಲ. ನಮ್ಮ ಕಪ್ಪನ್ನು ಶ್ರೀಮಂತರ ಮಕ್ಕಳ ಪ್ರಾಕ್ಟೀಸ್‌ಗೆ ಕೊಟ್ಟುಬಿಟ್ಟರು ಅಂತ ಸಿಟ್ಟು. ಎಷ್ಟೋ ಜನ ಬಹಿಷ್ಕಾರ ಹಾಕಿದರು. ಮೊದಲ ಸುತ್ತುಗಳಲ್ಲಿ ಎಷ್ಟೋ ಆಟಗಳಿಗೆ ಕೆಲವು ನೂರು ಜನ ಬಂದರೆ ಹೆಚ್ಚು. ಕ್ಲಬ್‌ಗಳೂ ತಮ್ಮ ಒಳ್ಳೆಯ ಆಟಗಾರರನ್ನು ಇಳಿಸುತ್ತಿರಲಿಲ್ಲ. ಇಷ್ಟು ಜನ ಮುಖ್ಯ ಆಟಗಾರರು ಆಡಲೇಬೇಕು ಅಂತ ನಿಯಮ ಮಾಡಿದರು. ಅದನ್ನು ದಾಟಲು ಬ್ರಾಡ್‌ಫರ್ಡ್ ತಂಡದವರು ಒಂದು ಆಟದಲ್ಲಿ ಗೋಲ್‌ಕೀಪರನ್ನು ಮೂರೇ ನಿಮಿಷಕ್ಕೆ ಹೊರಗೆ ಕರೆದುಬಿಟ್ಟರು. ಆ ಆಟ ಬರಿ ಅನ್ನುವ ತಂಡದ ಮೇಲೆ. ಬರಿ, ಈ ಹೆಸರು ನೆನಪಿಟ್ಟುಕೋ.

ನಮ್ಮ ಪಕ್ಕದ ಮನೆಯ ಅಜ್ಜ ಬಹಿಷ್ಕಾರ ಹಾಕಿದವರಲ್ಲಿ ಒಬ್ಬರು. ಇಲ್ಲಿನ ಡಾಕ್‌ಯಾರ್ಡ್‌ನಲ್ಲಿ ವೆಲ್ಡರ್ ಆಗಿದ್ದು ರಿಟೈರ್ ಆದವರು. ನಾನು ಈ ಊರಿಗೆ ಬಂದ ಮೊದಲ ಚಳಿಗಾಲದಲ್ಲಿ ನಮ್ಮ ಮನೆಯ ಬಾಯ್ಲರ್ ಕೆಟ್ಟಾಗ ಹೀಟರ್ ಹೊತ್ತು ತಂದು ಕೊಟ್ಟವರು ಅವರೇ. ಅವರ ಮನೆ ಬಾಗಿಲು ತೆಗೆದರೆ ಎದುರಿಗೇ ಫ್ರೇಮ್ ಹಾಕಿದ ಒಂದು ಕಾಗದ ಕಾಣುತ್ತದೆ. ಮೊದಲು ನಾನು ಅದನ್ನು ಮದುವೆಯ ಸರ್ಟಿಫಿಕೇಟ್ ಅಂದುಕೊಂಡಿದ್ದೆ. ಅದು ಪೋರ್ಟ್ಸ್‌ಮತ್ ಕ್ಲಬ್ಬಿನ ಷೇರು.

ಅದರ ಕಥೆ ಹೇಳದಿದ್ದರೆ ವೆಂಬ್ಲಿ ಅರ್ಥವಾಗುವುದಿಲ್ಲ. 2008ರಲ್ಲಿ ಈ ಪೋರ್ಟ್ಸ್‌ಮತ್ ಎಫ್‌ಎ ಕಪ್ ಗೆದ್ದ ತಂಡ. ಎರಡು ವರ್ಷ ಕಳೆಯುವುದರೊಳಗೆ ಸಾಲದಲ್ಲಿ ಮುಳುಗಿತು. ಪ್ರೀಮಿಯರ್ ಲೀಗ್‌ನಲ್ಲಿದ್ದಾಗಲೇ ದಿವಾಳಿ ಪ್ರಕ್ರಿಯೆಗೆ ಹೋದ ಮೊದಲ ಕ್ಲಬ್ ಇದು. 2010ರಲ್ಲಿ ಒಂದು ಮೆಟ್ಟಿಲು ಕೆಳಗೆ, 2012ರಲ್ಲಿ ಇನ್ನೊಂದು, 2013ರಲ್ಲಿ ಮತ್ತೊಂದು. ಕೊನೆಗೆ ನಾಲ್ಕನೇ ಡಿವಿಷನ್. ಆಗ ಊರ ಜನ ತಲಾ ಸಾವಿರ ಪೌಂಡ್ ಹಾಕಿ ಷೇರು ತೆಗೆದುಕೊಂಡು ಕ್ಲಬ್ ಉಳಿಸಿಕೊಂಡರು. ಸಾವಿರ ಪೌಂಡ್ ಒಬ್ಬ ವೆಲ್ಡರ್‌ಗೆ ಸುಮ್ನೆ ಬರುವ ದುಡ್ಡಲ್ಲ ಅಣ್ಣಾ. 2017ರಲ್ಲಿ ಅಮೆರಿಕದ ಮೈಕಲ್ ಐಸ್ನರ್ ಅವರ ಕಂಪನಿ ಕ್ಲಬ್ಬನ್ನು ಕೊಂಡಿತು. ಅದಕ್ಕೂ ಷೇರುದಾರರೇ ಓಟು ಹಾಕಿ ಒಪ್ಪಿಗೆ ಕೊಟ್ಟಿದ್ದು. ಕಾಗದ ಮಾತ್ರ ಇನ್ನೂ ಅಜ್ಜನ ಗೋಡೆಯ ಮೇಲೇ ಇದೆ.

2019ರ ಆ ಫೈನಲ್ ನಡೆದ ಸೀಸನ್‌ನಲ್ಲಿ ನಮ್ಮ ಗುಂಪಿನಲ್ಲಿ ಟಾಟನ್‌ಹ್ಯಾಮ್ ಹುಡುಗರ ತಂಡ ಇತ್ತು. ಮುಂದಿನ ಸುತ್ತಿನಲ್ಲಿ ಆರ್ಸೆನಲ್ ಹುಡುಗರು. ಅಜ್ಜ ಎರಡಕ್ಕೂ ಹೋಗಲಿಲ್ಲ. ಮೈದಾನದ ದೀಪ ಅವರ ಮನೆಗೆ ಕಾಣುತ್ತದೆ, ಆದರೂ ಹೋಗಲಿಲ್ಲ. ಆ ಕಡೆ ಸಂಡರ್‌ಲ್ಯಾಂಡ್ ತನ್ನ ಹಳೆಯ ಎದುರಾಳಿ ನ್ಯೂಕಾಸಲ್‌ನ ಹುಡುಗರ ತಂಡವನ್ನು 4-0 ಅಂತರದಲ್ಲಿ ಸೋಲಿಸಿತು. ಸಂಡರ್‌ಲ್ಯಾಂಡ್ ಕಥೆಯೂ ನಮ್ಮದರ ಹಾಗೇ. ಎರಡು ವರ್ಷದಲ್ಲಿ ಎರಡು ಡಿವಿಷನ್ ಕೆಳಗೆ ಬಿದ್ದು ಮೂರನೆಯದಕ್ಕೆ ಬಂದಿತ್ತು.

ಫೆಬ್ರವರಿ 26ಕ್ಕೆ ಸೆಮಿಫೈನಲ್. ನಮ್ಮವರು ಬರಿ ಊರಿಗೆ ಹೋಗಿ 3-0 ಗೆದ್ದರು. ನಾನು ನೈಟ್ ಡ್ಯೂಟಿಯಲ್ಲಿದ್ದೆ, ಬ್ರೇಕ್‌ನಲ್ಲಿ ಫೋನ್ ತೆಗೆದಾಗ ಅಜ್ಜನ ಮೆಸೇಜು ಬಂದಿತ್ತು. ಒಂದೇ ಪದ: 'ವೆಂಬ್ಲಿ'.

ಆಮೇಲೆ ಅವರಿಗೆ ನಿಜವಾದ ಕಷ್ಟ ಶುರುವಾಯಿತು. ಮೂರು ವರ್ಷ ಬಹಿಷ್ಕಾರ ಮಾಡಿ ಈಗ ಫೈನಲ್‌ಗೆ ಹೋದರೆ ಹೇಗೆ? ಒಂದು ವಾರ ಯೋಚನೆ ಮಾಡಿದರು. ಕಡೆಗೆ ಬೇಲಿ ಹತ್ತಿರ ಬಂದು ನನಗೆ ಹೇಳಿದರು, ದೊಡ್ಡ ಕ್ಲಬ್‌ಗಳ ಹುಡುಗರನ್ನು ಸೇರಿಸಿದ್ದು ತಪ್ಪು ಅನ್ನುವುದು ಇವತ್ತೂ ನನ್ನ ಮಾತೇ, ಆದರೆ ನನ್ನ ಹುಡುಗರು ವೆಂಬ್ಲಿಯಲ್ಲಿ ಆಡುವಾಗ ನಾನು ಮನೆಯಲ್ಲಿ ಕೂರಲಾರೆ ಅಂತ. ಇದನ್ನು ಬೂಟಾಟಿಕೆ ಅಂದವರೂ ಇದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ದೇವಸ್ಥಾನದ ಟ್ರಸ್ಟಿಗಳ ಮೇಲೆ ಸಿಟ್ಟಿದ್ದರೂ ತೇರಿನ ದಿನ ಹಗ್ಗಕ್ಕೆ ಕೈ ಹಾಕುವುದಿಲ್ಲವೇ ನಮ್ಮ ಅಪ್ಪ, ಹಾಗೆ. ಎರಡು ಟಿಕೆಟ್ ತೆಗೆದಿದ್ದರು. ಒಂದು ನನಗೆ.

ಮಾರ್ಚ್ 31, ಭಾನುವಾರ. ಇಲ್ಲಿ ಅವತ್ತು ಅಮ್ಮಂದಿರ ದಿನ. ಬೆಳಗಿನ ಜಾವ ಗಡಿಯಾರವನ್ನು ಒಂದು ಗಂಟೆ ಮುಂದೆ ಮಾಡುವ ದಿನವೂ ಅದೇ. ನಿದ್ದೆಯಲ್ಲಿ ಒಂದು ಗಂಟೆ ಹೋಯಿತು. ಆದರೆ ನಮ್ಮೂರಿನ ಫ್ರಾಟನ್ ಸ್ಟೇಷನ್‌ನಲ್ಲಿ ಯಾರ ಮುಖದಲ್ಲೂ ನಿದ್ದೆ ಇರಲಿಲ್ಲ. ಎಲ್ಲಿ ನೋಡಿದರೂ ನೀಲಿ. ಒಬ್ಬಾಕೆ ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಅಮ್ಮಂದಿರ ದಿನದ ಹೂವು ಹಿಡಿದೇ ರೈಲು ಹತ್ತಿದಳು. ಆ ಹಳದಿ ಹೂವು ಲಂಡನ್ನಿನ ವಾಟರ್‌ಲೂ ಸ್ಟೇಷನ್ ಬರುವಷ್ಟರಲ್ಲಿ ಬಾಡಿತ್ತು. ಅಜ್ಜ ತಮ್ಮ ಅಪ್ಪನ ಹಳೆಯ ನೀಲಿ ಬಿಳಿ ಉಣ್ಣೆಯ ಸ್ಕಾರ್ಫ್ ಹಾಕಿಕೊಂಡಿದ್ದರು. ಹೆಚ್ಚು ಮಾತಾಡಲಿಲ್ಲ. ಜೇಬಿನಲ್ಲಿ ಟಿಕೆಟ್ ಇದೆಯಾ ಅಂತ ನಿಮಿಷಕ್ಕೊಮ್ಮೆ ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಒಳಗೆ ಹೋದ ಮೇಲೆ, ಪುಟ್ಟಾ, ನನಗೆ ಮಾತೇ ಹೊರಡಲಿಲ್ಲ. ಅರ್ಧ ಸ್ಟೇಡಿಯಂ ನೀಲಿ, ಇನ್ನರ್ಧ ಕೆಂಪು ಬಿಳಿ. ನಮ್ಮವರು ಕೂಗುವುದು ಊರಿನ ಗಿಲ್ಡ್‌ಹಾಲ್ ಗಡಿಯಾರದ ಗಂಟೆಯ ರಾಗದಲ್ಲಿ. ದಿನಾ ಕೆಲಸಕ್ಕೆ ಹೋಗುವಾಗ ಕೇಳುವ ಗಂಟೆ ಅದು. ಅದನ್ನೇ ಸಾವಿರಾರು ಜನ ಒಟ್ಟಿಗೆ ಹಾಡಿದಾಗ ಮೈ ಜುಮ್ ಅಂದಿತು. ಇದಕ್ಕಿಂತ ಮೊದಲು ಈ ಕಪ್ಪಿಗೆ ಹೆಚ್ಚು ಜನ ಬಂದಿದ್ದು 1988ರಲ್ಲಿ, ವುಲ್ವ್ಸ್ ಮತ್ತು ಬರ್ನ್‌ಲಿ ಆಡಿದಾಗ, 80,841. ಅವತ್ತು ಆ ದಾಖಲೆ ಮುರಿಯಿತು.

ಆಟಕ್ಕೆ ಬರುತ್ತೇನೆ. ಮೊದಲರ್ಧದಲ್ಲಿ ಸಂಡರ್‌ಲ್ಯಾಂಡ್‌ನ ಏಡನ್ ಮೆಕ್‌ಗೀಡಿ ಫ್ರೀ ಕಿಕ್‌ನಲ್ಲಿ ಗೋಲು ಹೊಡೆದ. ಆಮೇಲೆ ತುಂಬಾ ಹೊತ್ತು ಏನೂ ಆಗಲಿಲ್ಲ. ಗಡಿಯಾರ 80 ದಾಟಿತು. ಅಜ್ಜ ಸ್ಕಾರ್ಫ್ ಬಿಚ್ಚಿ ತೊಡೆಯ ಮೇಲೆ ಮಡಚಿ ಇಟ್ಟುಕೊಂಡರು. 82ನೇ ನಿಮಿಷದಲ್ಲಿ ನಮ್ಮ ನೇಥನ್ ಥಾಂಪ್ಸನ್ ತಲೆಯಿಂದ ಚೆಂಡನ್ನು ಒಳಗೆ ತಳ್ಳಿದ. ಅವನು ಡಿಫೆಂಡರ್, ಅವನಿಂದ ಯಾರೂ ಗೋಲು ನಿರೀಕ್ಷೆ ಮಾಡಿರಲಿಲ್ಲ. 1-1. ಎಕ್ಸ್‌ಟ್ರಾ ಟೈಮ್ ಮುಗಿಯಲು ಐದಾರು ನಿಮಿಷ ಇದೆ ಅನ್ನುವಾಗ ಜಮಾಲ್ ಲೋ ಗೋಲ್‌ಕೀಪರ್ ತಲೆಯ ಮೇಲಿಂದ ಚೆಂಡು ಎತ್ತಿ ಹಾಕಿದ. ಆ ಚೆಂಡು ಕೆಳಗೆ ಇಳಿಯಲು ಎಷ್ಟು ಹೊತ್ತು ತೆಗೆದುಕೊಂಡಿತು ಅಂತೀಯ! ನಾವು ಗೆದ್ದೆವು ಅಂತಲೇ ಎಲ್ಲರೂ ತಬ್ಬಿಕೊಂಡೆವು. 119ನೇ ನಿಮಿಷಕ್ಕೆ ಅದೇ ಮೆಕ್‌ಗೀಡಿ ಮತ್ತೆ ಹೊಡೆದ. 2-2. ಎದುರಿನ ಅರ್ಧ ಸ್ಟೇಡಿಯಂ ಎದ್ದು ನಿಂತಿತು, ನಮ್ಮ ಅರ್ಧ ಕೂತುಬಿಟ್ಟಿತು.

ಪೆನಾಲ್ಟಿ. ಲೀ ಕ್ಯಾಟರ್‌ಮೋಲ್ ಹೊಡೆದದ್ದನ್ನು ನಮ್ಮ ಕ್ರೇಗ್ ಮ್ಯಾಕ್‌ಗಿಲಿವ್ರೆ ತಡೆದ. ಉಳಿದವರೆಲ್ಲ ಗೋಲು ಹಾಕುತ್ತಾ ಹೋದರು. ಕೊನೆಗೆ ನಮ್ಮ ಐದನೆಯದು, ಆಲಿ ಹಾಕಿನ್ಸ್. ಅಜ್ಜ ನೋಡಲಿಲ್ಲ. ನನ್ನ ಕೈ ಹಿಡಿದುಕೊಂಡು ಕಾಲ ಬುಡ ನೋಡುತ್ತಾ ಕೂತಿದ್ದರು. ವೆಲ್ಡಿಂಗ್ ಕಿಡಿ ಹಾರಿ ಸುಟ್ಟ ಸಣ್ಣ ಸಣ್ಣ ಬಿಳಿ ಗುರುತುಗಳಿರುವ ಕೈ. ಗದ್ದಲ ಕೇಳಿದ ಮೇಲೆ ತಲೆ ಎತ್ತಿ, 'ನಮ್ಮ ಕಡೆಯಿಂದಲಾ?' ಅಂತ ಕೇಳಿದರು. ಹೌದು ಅಂದೆ. 5-4.

ಅಣ್ಣಾ, ಅದನ್ನು ಸಮಾಧಾನದ ಕಪ್ ಅಂದೆಯಲ್ಲ, ಆ ಮುಖ ನೋಡಿದ್ದರೆ ನೀನು ಹಾಗೆ ಹೇಳುತ್ತಿರಲಿಲ್ಲ.

ಈಗ ಬರಿ ಊರಿನ ವಿಷಯ. ಸೆಮಿಫೈನಲ್‌ನಲ್ಲಿ ನಮಗೆ ಸೋತ ಆ ತಂಡ 1885ರಲ್ಲಿ ಹುಟ್ಟಿದ್ದು. ಎರಡು ಸಲ ಎಫ್‌ಎ ಕಪ್ ಗೆದ್ದಿದೆ, 1900 ಮತ್ತು 1903ರಲ್ಲಿ. ನಮಗೆ ಸೋತ ಆ ಸೀಸನ್‌ನಲ್ಲೇ ಲೀಗ್ ಟೂನಲ್ಲಿ ಎರಡನೇ ಸ್ಥಾನಕ್ಕೆ ಬಂದು ಮೇಲಿನ ಡಿವಿಷನ್‌ಗೂ ಹೋಯಿತು. ಆಡಿದ ಹುಡುಗರಿಗೆ ಸರಿಯಾಗಿ ಸಂಬಳವೇ ಬರುತ್ತಿರಲಿಲ್ಲ. 2018ರ ಡಿಸೆಂಬರ್‌ನಲ್ಲಿ ಆ ಕ್ಲಬ್ ಒಂದು ಪೌಂಡ್‌ಗೆ ಕೈ ಬದಲಾಗಿತ್ತು. ಒಂದೇ ಒಂದು ಪೌಂಡ್. ಸಾಲ ತೀರಿಸುವ ದುಡ್ಡು ಎಲ್ಲಿಂದ ಬರುತ್ತದೆ ಅಂತ ತೋರಿಸಲು ಆಗಲಿಲ್ಲ. 2019ರ ಆಗಸ್ಟ್ 27ರಂದು, ಕೊನೆಯ ಗಡುವಿನ ದಿನ, ಅಲ್ಲಿನ ಜನ ಗಿಗ್ ಲೇನ್ ಮೈದಾನಕ್ಕೆ ಪೊರಕೆ, ಬಕೆಟ್ ಹಿಡಿದು ಹೋದರು. ಮುಂದಿನ ಆಟ ನಡೆದೇ ನಡೆಯುತ್ತದೆ ಅಂತ ಕುರ್ಚಿ ಒರೆಸಿದರು, ಕಸ ಗುಡಿಸಿದರು. ಅದೇ ರಾತ್ರಿ ಲೀಗ್‌ನಿಂದ ಕ್ಲಬ್ಬನ್ನು ಹೊರಗೆ ಹಾಕಿದರು. 125 ವರ್ಷ ಲೀಗ್‌ನಲ್ಲಿದ್ದ ತಂಡ. ಅವತ್ತು ಅಜ್ಜ ಟಿವಿ ಆರಿಸಿ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತರು. ಅದು ನಾವೂ ಆಗಬಹುದಿತ್ತು ಅಂತ ಒಂದೇ ಮಾತು ಹೇಳಿದರು.

ನನಗೆ ಕೋಪ ಬರುವುದು ಇಲ್ಲೇ. ಇವನ್ನು ಸಣ್ಣ ತಂಡ, ಸಣ್ಣ ಕಪ್ ಅಂತ ಬಿಟ್ಟುಬಿಡುತ್ತಾರೆ, ಅದಕ್ಕೇ ಯಾರೂ ಸರಿಯಾಗಿ ಲೆಕ್ಕ ಕೇಳುವುದಿಲ್ಲ. ಕುರ್ಚಿ ಒರೆಸುವವರು ಮಾತ್ರ ಊರಿನವರು.

ಇನ್ನು ಪುಟ್ಟನಿಗೆ, ನಿನ್ನ ಸಂಡರ್‌ಲ್ಯಾಂಡ್‌ಗೆ ಆಮೇಲೆ ಏನಾಯಿತು? 2019ರ ಮೇ ತಿಂಗಳಲ್ಲಿ ಪ್ಲೇಆಫ್‌ನಲ್ಲಿ, ಅಂದರೆ ಮೇಲಿನ ಡಿವಿಷನ್‌ಗೆ ಹೋಗುವ ಆಟಗಳಲ್ಲಿ, ನಮ್ಮನ್ನು ಸೋಲಿಸಿದರು, ಫೈನಲ್‌ನಲ್ಲಿ ಕೊನೆಯ ಗಳಿಗೆಯಲ್ಲಿ ಚಾರ್ಲ್ಟನ್‌ಗೆ ಸೋತರು. ಮತ್ತೆ ವೆಂಬ್ಲಿಯಲ್ಲೇ, ಪಾಪ. 1973ರಲ್ಲಿ ಎಫ್‌ಎ ಕಪ್ ಗೆದ್ದ ಮೇಲೆ ಅಲ್ಲಿ ಅವರು ಗೆದ್ದೇ ಇರಲಿಲ್ಲ. ಕಡೆಗೂ ಗೆದ್ದಿದ್ದು 2021ರ ಮಾರ್ಚ್ 14ಕ್ಕೆ, ಇದೇ ಕಪ್ಪಿನ ಫೈನಲ್‌ನಲ್ಲಿ, ಟ್ರಾನ್‌ಮಿಯರ್ ಮೇಲೆ 1-0. ಆಗ ಕೊರೊನಾ. ಒಳಗೆ ಒಬ್ಬ ಅಭಿಮಾನಿಯೂ ಇಲ್ಲ. ಅದರ ಹಿಂದಿನ ದಿನ, ಒಂದು ವರ್ಷ ತಡವಾಗಿ ನಡೆದ 2020ರ ಫೈನಲ್‌ನಲ್ಲಿ ನಮ್ಮವರು ಪೆನಾಲ್ಟಿಯಲ್ಲಿ ಸ್ಯಾಲ್ಫರ್ಡ್‌ಗೆ ಸೋತರು. ಅಲ್ಲಿಯತನಕ, ಹತ್ತಿರ ಹತ್ತಿರ ಎರಡು ವರ್ಷ, ಕಪ್ ನಮ್ಮ ಊರಿನಲ್ಲೇ ಇತ್ತು.

ಆ ಎರಡು ಆಟಗಳನ್ನೂ ಅಜ್ಜ ಅವರ ಮನೆಯಲ್ಲಿ, ನಾನು ನಮ್ಮ ಮನೆಯಲ್ಲಿ ನೋಡಿದೆವು. ಬೇರೆ ಮನೆಗೆ ಹೋಗುವ ಹಾಗಿರಲಿಲ್ಲ. ಸಂಡರ್‌ಲ್ಯಾಂಡ್ ಗೋಲು ಹೊಡೆದಾಗ ಗೋಡೆಯ ಆ ಕಡೆಯಿಂದ ಚಪ್ಪಾಳೆ ಕೇಳಿಸಿತು. ಅವರ ತಂಡವೇ ಅಲ್ಲ ಅದು. ಆದರೂ ಚಪ್ಪಾಳೆ ತಟ್ಟಿದರು.

ಸರಿ, ಟೀ ಆರಿಹೋಯಿತು. ಟಿಕೆಟ್ ಇನ್ನೂ ಇದೆ, ಡ್ರಾಯರ್‌ನಲ್ಲಿ. ನಾಳೆ ಫೋಟೋ ಹಾಕುತ್ತೇನೆ ಪುಟ್ಟಾ. ಅಣ್ಣಾ, ಅತ್ತಿಗೆಗೂ ಕೇಳಿಸು.